ತಾರಸಿಯ ನೀರು ಯಾವ ಕಡೆಗೆ

ವಡೋದರೆಗೆ ವರ್ಗವಾಗಿ ಬಂದ ನಮ್ಮ ಕಡೆಯವರು ಯಾರಾದರೂ ಮನೆ ಕೊಳ್ಳುವ ಯೋಚನೆ ಮಾಡಿದರೆ ಕೊನೆಗೊಮ್ಮೆ ನನಗೆ ಫೋನ್ ಮಾಡುತ್ತಾರೆ. ನಾನು ಕೆಲಸ ಮಾಡುವುದು ವಿಮಾ ಕಚೇರಿಯಲ್ಲಿ. ಬೆಂಕಿ ಬಿದ್ದ ಮನೆ, ನೀರು ನುಗ್ಗಿದ ಮನೆ, ಬಿರುಕು ಬಿಟ್ಟ ಮನೆ, ಎಲ್ಲದರ ಫೋಟೊಗಳೂ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ಹಾಗಾಗಿ ಮನೆಯ ವಿಷಯ ಇವಳಿಗೆ ಗೊತ್ತಿರಬಹುದು ಎಂದು ಅವರ ಅಂದಾಜು. ಫೋನಿನಲ್ಲಿ ಅವರು ಹೇಳುವುದು ಅಡುಗೆಮನೆಯ ಗ್ರಾನೈಟು, ವಾಸ್ತು, ಹತ್ತಿರದ ಶಾಲೆ. ನಾನು ಕೇಳುವುದು ಒಂದೇ: "ತಾರಸಿ ಹತ್ತಿ ನೋಡಿದ್ರಾ? ಮಳೆ ನೀರು ಯಾವ ಕಡೆಗೆ ಹೋಗ್ತದೆ?" ಹೆಚ್ಚಿನವರು ಹತ್ತಿರುವುದಿಲ್ಲ. ನನಗೆ ಪಿತ್ತ ನೆತ್ತಿಗೇರುತ್ತದೆ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ, ಒಳಮೈ ತಿರುಗಿಸಿ, ಬೆಳಕಿಗೆ ಹಿಡಿದು ನೋಡುವವರು ಮನೆ ಕೊಳ್ಳುವಾಗ ತಲೆಯ ಮೇಲಿನ ಮಾಡನ್ನೇ ನೋಡುವುದಿಲ್ಲ ಎಂದರೆ ಎಂಥ ಹೇಳುವುದು!

ಹತ್ತಿ ನೋಡಿದವರು "ನೀರು ಹೊರಗೆ ಹೋಗ್ತದೆ" ಎನ್ನುತ್ತಾರೆ. "ಹೊರಗೆ ಅಂದ್ರೆ ಯಾರ ಮನೆಗೆ?" ಎಂದು ಕೇಳುತ್ತೇನೆ. ಇವಳು ಎಲ್ಲದಕ್ಕೂ ಕೊಂಕು ಎಂದುಕೊಂಡು ಅವರು ಫೋನ್ ಇಡುತ್ತಾರೆ. ಕೊಂಕಲ್ಲ. ಇಲ್ಲಿಯ ಗೋರ್ವಾ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಆ ಪ್ರಶ್ನೆ ನನ್ನ ಬಾಯಿಗೆ ಹತ್ತಿದ್ದು.

ನಮ್ಮವರು ರೈಲ್ವೆಯವರು. ಮದುವೆಯಾದ ಮೇಲೆ ನಾವು ಗುಜರಾತಿನ ಒಳಗೇ ತಿರುಗಿದ್ದು. ಅಹಮದಾಬಾದಿನಲ್ಲಿ ಬಾಡಿಗೆ ಫ್ಲ್ಯಾಟು. ಗೋಡೆಗೆ ಒಂದು ಮೊಳೆ ಹೊಡೆದರೆ ಕೆಳಗಿನ ಮನೆಯ ಕಾಕಾ ಲಿಫ್ಟು ಹತ್ತಿ ಬರುತ್ತಿದ್ದರು. ಆಮೇಲೆ ಸೂರತ್‌ನ ವರಾಛಾದಲ್ಲಿ ಒಂದು ನೆಲಮಹಡಿಯ ಮನೆ. ಪಕ್ಕದಲ್ಲಿ ವಜ್ರ ಉಜ್ಜುವ ಚಕ್ರಗಳು ಇಡೀ ದಿನ ಗುಂಯ್ ಎನ್ನುತ್ತಿದ್ದವು. ಆ ಮನೆಯ ಸ್ವಿಚ್ಚು, ಪ್ಲಗ್ಗು ಎಲ್ಲ ನನ್ನ ಭುಜಕ್ಕಿಂತ ಎತ್ತರದಲ್ಲಿ. ಹೊಳೆಯ ನೆರೆನೀರು ಒಳಗೆ ನಿಂತದ್ದನ್ನು ಕಂಡ ಯಜಮಾನರು ಹಾಗೆ ಮಾಡಿಸಿದ್ದರು. ಮಿಕ್ಸಿಯನ್ನು ಡಬ್ಬದ ಮೇಲೆ ಡಬ್ಬ ಇಟ್ಟು ಅದರ ಮೇಲೇರಿಸಿ ಚಟ್ನಿ ಅರೆಯಬೇಕು. ಬೈದುಕೊಂಡೇ ಅರೆಯುತ್ತಿದ್ದೆ. ಈಗ ನೆಲಮಹಡಿ ಕೊಳ್ಳುವವರಿಗೆ ನಾನೇ ಹೇಳುತ್ತೇನೆ, ಪ್ಲಗ್ಗುಗಳನ್ನು ಮೇಲೆ ಹಾಕಿಸಿ, ಫ್ರಿಜ್ಜಿನ ಕೆಳಗೆ ಒಂದು ಕಟ್ಟೆ ಕಟ್ಟಿಸಿ ಎಂದು.

ವಡೋದರೆಗೆ ಬಂದ ಮೇಲೆ ಇನ್ನು ವರ್ಗ ಸಾಕು ಎಂದು ಇಬ್ಬರಿಗೂ ಅನಿಸಿತು. ಮಗಳ ಕಾಲೇಜು ಇಲ್ಲೇ. ಅವಳ ಕನ್ನಡವೋ, ದೇವರಿಗೇ ಪ್ರೀತಿ. ಊರಿಗೆ ಹೋದರೆ ಅಜ್ಜಿಯ ಹತ್ತಿರ ಕೈಸನ್ನೆಯಲ್ಲಿ ಮಾತಾಡುತ್ತಾಳೆ. ಗೋರ್ವಾದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಇಲ್ಲಿಯವರು ಟೆನೆಮೆಂಟ್ ಎನ್ನುವ ಸಾಲುಮನೆ. ನೆಲಮಹಡಿ ಮಾತ್ರ, ಮೇಲೆ ತಾರಸಿ, ಮುಂದೆ ಒಂದು ಜಗಲಿ, ಎರಡು ಪಕ್ಕದಲ್ಲೂ ಬೇರೆಯವರ ಮನೆ. ಗೋಡೆಗಳು ಎರಡು ಮನೆಗೂ ಸೇರಿದ್ದು. ತಾರಸಿಗಳ ನಡುವೆ ಮೊಣಕಾಲೆತ್ತರದ ಮೋಟುಗೋಡೆ ಅಷ್ಟೆ. ಜನವರಿಯ ಗಾಳಿಪಟದ ಹಬ್ಬಕ್ಕೆ ಹುಡುಗರು ಈ ತುದಿಯಿಂದ ಆ ತುದಿಗೆ ಹಾರಿಕೊಂಡು ಓಡುತ್ತಾರೆ.

ನಮ್ಮವರ ಊರು ಕುಂದಾಪುರದ ಕಡೆ. ಅಲ್ಲಿ ಪ್ರತಿ ಮನೆಗೂ ಸುತ್ತ ಅಂಗಳ, ಅಂಗಳಕ್ಕೊಂದು ನೀರು ಹರಿಯುವ ತೋಡು. ಮಾಡಿನ ನೀರು ಅಂಗಳಕ್ಕೆ ಬಿದ್ದರೆ ಮುಗಿಯಿತು, ಉಳಿದದ್ದನ್ನು ತೋಡು ನೋಡಿಕೊಳ್ಳುತ್ತದೆ. ಆ ಲೆಕ್ಕವನ್ನೇ ಇವರು ಗೋರ್ವಾಕ್ಕೂ ತಂದರು. ಮನೆ ನೋಡಿದ ದಿನವೇ ನಮ್ಮ ಮಲಗುವ ಕೋಣೆಯ ಹಿಂದಿನ ಮೂಲೆಯಲ್ಲಿ ಸ್ಲ್ಯಾಬಿನ ಅಡಿಗೆ ಹಳದಿ ಕಲೆ ಕಂಡಿತ್ತು. ಸರಿಯಾಗಿ ಅದರ ಮೇಲೆ ತಾರಸಿಯ ನೀರು ಹೋಗುವ ತೂತು. ಇಡೀ ತಾರಸಿಯ ನೀರು ಅಲ್ಲಿಗೆ ಬಂದು, ಅರ್ಧ ಪೈಪಿಗೆ ಹೋಗಿ, ಅರ್ಧ ನಮ್ಮ ಮಂಚದ ಮೇಲೆ ಇಳಿಯುತ್ತಿತ್ತು. "ಈ ತೂತನ್ನೇ ಮುಚ್ಚಿಬಿಡುವ. ಇಳಿಜಾರನ್ನು ಆ ಕಡೆ ತಿರುಗಿಸುವ, ನೀರು ಹೊರಗೆ ಹೋಗಲಿ" ಎಂದರು. ಆ ಕಡೆ ಎಂದರೆ ಪಕ್ಕದ ಮನೆಯ ಮೋಟುಗೋಡೆಯ ಬುಡ. ಅಲ್ಲೂ ಒಂದು ಸಣ್ಣ ತೂತು ಇತ್ತು, ಹಿಂದಿನ ಗಲ್ಲಿಗೆ ತೆರೆದದ್ದು.

ನಾನು ಎಲ್ಲಿಂದಲೋ ಕಲಿತವಳ ಹಾಗೆ ಆಗಲೇ ಬೇಡ ಎಂದಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೂ ಸರಿ ಎಂದೇ ಕಂಡಿತ್ತು. ಇಲ್ಲಿಯ ಪದ್ಧತಿಯ ಪ್ರಕಾರ ತಾರಸಿಗೆಲ್ಲ ಒಡೆದ ಬಿಳಿ ಟೈಲ್ಸಿನ ಚೂರುಗಳನ್ನು ಕೂರಿಸುತ್ತಾರೆ. ಬಿಸಿಲು ಹಿಂದಕ್ಕೆ ಹೊಡೆದು ಮನೆ ತಣ್ಣಗಿರುತ್ತದೆ, ನೀರೂ ಇಳಿಯುವುದಿಲ್ಲ. ಮನೆ ಕೊಂಡವರು ಸೋಫಾಕ್ಕೆ ಮೊದಲು ಅದನ್ನು ಮಾಡಿಸಬೇಕು, ಇವತ್ತಿಗೂ ಹಾಗೇ ಹೇಳುತ್ತೇನೆ. ಇವರು ಬೇಸಿಗೆಯಲ್ಲಿ ಹಾಕಿದ ರಜೆ ಪೂರ್ತಿ ತಲೆಗೆ ಬೈರಾಸು ಸುತ್ತಿಕೊಂಡು ಮೇಸ್ತ್ರಿಯ ಬೆನ್ನಿಗೇ ನಿಂತರು. ಹಳೆ ತೂತನ್ನು ಸಿಮೆಂಟಿನಲ್ಲಿ ಮುಚ್ಚಿಸಿದರು. ಹೊಸ ಇಳಿಜಾರಿನ ಮೇಲೆ ಒಂದು ತಂಬಿಗೆ ನೀರು ಹೊಯ್ದು ಅದು ಆ ಕಡೆಗೆ ಓಡುವುದನ್ನು ಮಗು ನಡೆದದ್ದನ್ನು ನೋಡಿದ ಹಾಗೆ ನೋಡುತ್ತಿದ್ದರು. ಅಷ್ಟು ಸಾಲದು ಎಂದು ಪಕ್ಕದ ಮನೆಯ ಬೇನ್‌ರನ್ನೂ ಮೇಲಕ್ಕೆ ಕರೆದು ತೋರಿಸಿದರು. ಅವರು "ಬಹು ಸರಸ್, ಭಾಯಿ" ಎಂದರು. ತುಂಬ ಚೆನ್ನಾಗಿದೆ ಎಂದು.

ಇಲ್ಲಿ ಎಲ್ಲರೂ ಎಲ್ಲರಿಗೂ ಬೇನ್, ಭಾಯಿ, ಅಂದರೆ ಅಕ್ಕ, ಅಣ್ಣ. ಈ ಬೇನ್ ನನ್ನ ವಯಸ್ಸಿನವರು. ಖಾಖ್ರಾ ಮಾಡಿ ಮಾರುತ್ತಾರೆ. ಗೋಧಿಯ ತೆಳು ರೊಟ್ಟಿಯನ್ನು ಕಾವಲಿಯ ಮೇಲೆ ಮರದ ಗುಂಡಿನಿಂದ ಒತ್ತಿ ಒತ್ತಿ ಹಪ್ಪಳದ ಹಾಗೆ ಗರಿಗರಿ ಮಾಡುವುದು. ಅವರ ಗಂಡನಿಗೆ ಮಕರಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಇತ್ತು. ಯಂತ್ರಕ್ಕೆ ಬಲಗೈ ಸಿಕ್ಕಿ ಬೆರಳು ಹೋದ ಮೇಲೆ ಮನೆಯಲ್ಲೇ ಇದ್ದಾರೆ, ಎಡಗೈಯಲ್ಲಿ ಪ್ಯಾಕೆಟ್ಟಿನ ಬಾಯಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸುತ್ತಾರೆ. ಹಾಗಾಗಿ ಆ ಮನೆ ನಡೆಯುವುದು ಖಾಖ್ರಾದ ಮೇಲೆ. ಮಾಡುವುದು, ಆರಿಸುವುದು, ಡಬ್ಬಗಳಲ್ಲಿ ತುಂಬಿ ಇಡುವುದು ಎಲ್ಲ ಹಿಂದಿನ ಕೋಣೆಯಲ್ಲಿ. ನಮ್ಮ ಮಲಗುವ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ನಾನು ಎದ್ದಾಗ ಆಚೆಯಿಂದ ಲಟ್ಟಣಿಗೆಯ ಸದ್ದು ಬರುತ್ತಿತ್ತು. ಅವರು ಜೈನರು. ಗಿರಾಕಿಗಳೂ ಹೆಚ್ಚಿನವರು ಜೈನರೇ. ಮಳೆಗಾಲದ ನಾಲ್ಕು ತಿಂಗಳು ಹಸಿ ಸೊಪ್ಪು ಬಿಟ್ಟವರಿಗೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರಿಗೆ, ಇಂಥ ಒಣ ತಿಂಡಿಯೇ ಬೇಕು. ಅವರ ಎಂಟು ದಿನದ ಪರ್ಯೂಷಣದ ವ್ರತಕ್ಕೆ ಮೊದಲು ಅಹಮದಾಬಾದಿನ ಒಂದು ಅಂಗಡಿಯಿಂದ ದೊಡ್ಡ ಆರ್ಡರು ಬರುತ್ತಿತ್ತು. ಬಾಕಿ ವರ್ಷ ಏನಾದರಾಗಲಿ, ಆ ಒಂದು ಆರ್ಡರಿನಲ್ಲಿ ಅವರಿಗೆ ಉಸಿರಾಡಲು ಆಗುತ್ತಿತ್ತು.

ವಾರಕ್ಕೊಮ್ಮೆ ಮೆಂತ್ಯದ ಖಾಖ್ರಾದ ಒಂದು ಪ್ಯಾಕೆಟ್ಟು ಸ್ಟೀಲ್ ಡಬ್ಬದಲ್ಲಿ ನಮ್ಮ ಜಗಲಿಗೆ ಬರುತ್ತಿತ್ತು. ನಾನು ಡಬ್ಬ ಬರಿದಾಗಿ ಕಳಿಸಬಾರದೆಂದು ಒಂದಿಷ್ಟು ಬಾಳೆಕಾಯಿ ಚಿಪ್ಸ್ ಹಾಕಿ ಕಳಿಸುತ್ತಿದ್ದೆ. ನಮ್ಮ ಮನೆಯಲ್ಲಿ ಮೀನು ಬೇಯುವುದು ಅವರಿಗೆ ಗೊತ್ತಿತ್ತು. ಕಿಟಕಿ ಮುಚ್ಚಿ ಬೇಯಿಸುತ್ತಿದ್ದೆ, ಅವರೂ ಮೂಗಿಲ್ಲದವರ ಹಾಗೆ ಇರುತ್ತಿದ್ದರು. ಚಿಪ್ಸನ್ನು ಅವರು ತಿನ್ನುತ್ತಿದ್ದರೋ ಕೆಲಸದವಳಿಗೆ ಕೊಡುತ್ತಿದ್ದರೋ ನಾನು ಕೇಳಲು ಹೋಗಲಿಲ್ಲ.

ಮಳೆ ಬಂತು. ನಮ್ಮ ಮಲಗುವ ಕೋಣೆಯ ಮೂಲೆ ಬೆಂಕಿಪೆಟ್ಟಿಗೆಯ ಹಾಗೆ ಒಣಗಿಕೊಂಡಿತ್ತು. ಇವರದ್ದು ಏನು ಸಂಭ್ರಮ! ಊರಿಗೆ ಫೋನ್ ಮಾಡಿ, "ಒಂದು ಹನಿ ಇಲ್ಲ ಮಾರಾಯಾ, ಒಂದು ಹನಿ" ಎಂದು ತಮ್ಮನಿಗೆ ವರದಿ ಕೊಡುತ್ತಿದ್ದರು. ಮಂಚವನ್ನು ಮತ್ತೆ ಆ ಮೂಲೆಗೇ ಎಳೆದರು. ಹಾಲು ಕುಡಿದ ಬೆಕ್ಕಿನ ಹಾಗೆ ಮಂಚದಲ್ಲಿ ಅಂಗಾತ ಬಿದ್ದು ಸ್ಲ್ಯಾಬು ನೋಡುತ್ತಿದ್ದರು.

ಅಷ್ಟರಲ್ಲಿ ಖಾಖ್ರಾದ ಪ್ಯಾಕೆಟ್ಟು ಬರುವುದು ನಿಂತಿತು. ಒಂದು ವಾರ ಬಿಡುವಿಲ್ಲ ಇರಬಹುದು ಎಂದುಕೊಂಡೆ. ಮರುವಾರವೂ ಇಲ್ಲ. ಬೆಳಗಿನ ಲಟ್ಟಣಿಗೆಯ ಸದ್ದೂ ಇಲ್ಲ. ಬೇನ್ ಎದುರಿಗೆ ಸಿಕ್ಕಿದರೆ ನಗುತ್ತಿದ್ದರು, ಆದರೆ ನಿಲ್ಲುತ್ತಿರಲಿಲ್ಲ. ನನ್ನ ಮೀನಿನ ಮೇಲೇ ಏನೋ ಸಿಟ್ಟು ಬಂದಿದೆ ಎಂದು ನಾನು ತೀರ್ಮಾನಿಸಿ, ಬರಲಿ ಬಿಡು, ನನ್ನ ಮನೆಯಲ್ಲಿ ನಾನು ಬೇಯಿಸುವುದು ಎಂದು ಒಳಗೊಳಗೇ ಮುಖ ಊದಿಸಿಕೊಂಡೆ. ಕೊನೆಗೆ ಅವರ ಸ್ಟೀಲ್ ಡಬ್ಬ ವಾಪಸು ಕೊಡುವ ನೆಪದಲ್ಲಿ ಹೋದೆ. ಬಾಗಿಲು ತೆರೆದೇ ಇತ್ತು. ಒಲೆ, ಕಾವಲಿ, ಹಿಟ್ಟಿನ ಡಬ್ಬಗಳೆಲ್ಲ ಹಾಲಿನ ನಡುವೆ ಬಂದಿದ್ದವು. ಹಾಸಿಗೆಗಳನ್ನು ಸುತ್ತಿ ದೇವರ ಗೂಡಿನ ಕೆಳಗೆ ತುರುಕಿದ್ದರು. ಗಂಡ ಮೂಲೆಯ ಸ್ಟೂಲಿನ ಮೇಲೆ ಮೊಣಕಾಲು ಮಡಿಸಿ ಕೂತಿದ್ದರು, ಕಾಲಿಡಲು ಜಾಗವಿಲ್ಲದೆ.

"ಇದೆಂಥದು?" ಎಂದು ನಾನು ನೇರ ಹಿಂದಿನ ಕೋಣೆಗೆ ನುಗ್ಗಿದೆ. ಬೇನ್ ತಡೆಯಲು ಬಂದರು, ತಡವಾಗಿತ್ತು. ನಮ್ಮ ಕಡೆಯ ಗೋಡೆ ಮೇಲಿನಿಂದ ಕೆಳಗಿನವರೆಗೆ ಒದ್ದೆ. ಬಣ್ಣ ಉಬ್ಬಿ ಸಿಪ್ಪೆ ಎದ್ದಿತ್ತು. ಕಿಟಕಿಯ ಪಕ್ಕದಲ್ಲಿ ಅಂಗೈ ಅಗಲದ ಹಸಿರು ಪಾಚಿ ಹಬ್ಬಿ, ಅದರ ಸುತ್ತ ಬೂದು ಬಣ್ಣದ ಬೂಷ್ಟು. ಕೋಣೆಯಲ್ಲಿ ಒದ್ದೆ ಗೋಣಿಯ ವಾಸನೆ. ಒಂದು ಡಬ್ಬದಿಂದ ಅವರು ಖಾಖ್ರಾ ತೆಗೆದು ಬಗ್ಗಿಸಿದರು. ಅದು ಮುರಿಯಲಿಲ್ಲ, ಚಪಾತಿಯ ಹಾಗೆ ಮಡಚಿಕೊಂಡಿತು.

ನನಗೆ ನೋಡಿದ ಕೂಡಲೇ ತಿಳಿಯಿತು. ದಿನಾ ಇಂಥದ್ದೇ ಫೋಟೊ ನೋಡುವವಳು. ನಮ್ಮ ಹೊಸ ಇಳಿಜಾರು ಇಡೀ ತಾರಸಿಯ ನೀರನ್ನು ತಂದು ಎರಡು ಮನೆಯ ಸ್ಲ್ಯಾಬು ಕೂಡುವ ಸಂದಿಯ ಮೇಲೆ ನಿಲ್ಲಿಸುತ್ತಿತ್ತು. ಆ ಸಣ್ಣ ತೂತು ಅಷ್ಟು ನೀರನ್ನು ಎಲ್ಲಿಂದ ನುಂಗೀತು! ಉಳಿದದ್ದು ಸಂದಿಯಲ್ಲಿ ಇಳಿದು ಬೇನ್‌ರ ಗೋಡೆಗೆ. ನಮ್ಮ ಮಂಚದ ಮೂಲೆಯ ನೀರೇ ಅದು, ಗೋಡೆ ದಾಟಿ ಆಚೆಗೆ ಹೋಗಿತ್ತು ಅಷ್ಟೆ.

"ಬಾಯಿ ಇರಲಿಲ್ವಾ ನಿಮಗೆ? ಮೊದಲ ಮಳೆಗೇ ಬಂದು ಹೇಳಲಿಕ್ಕೆ ಏನಾಗಿತ್ತು?" ಎಂದು ಬೊಬ್ಬೆ ಹಾಕಿದೆ. ತಪ್ಪು ನಮ್ಮದು, ಬೊಬ್ಬೆಯೂ ನನ್ನದೇ. ಬೇನ್ ಮೆಲ್ಲಗೆ, "ಭಾಯಿ ಅಷ್ಟು ಪ್ರೀತಿಯಿಂದ ಮಾಡಿಸಿದ್ದಾರೆ, ಹೇಗೆ ಹೇಳುವುದು" ಎಂದರು. ಆಮೇಲೆ ಉಳಿದದ್ದನ್ನು ಹೇಳಿದರು. ಅಹಮದಾಬಾದಿನ ಅಂಗಡಿಯ ಒಡತಿ ಪ್ರತಿ ವರ್ಷ ಆರ್ಡರು ಕೊಡುವ ಮೊದಲು ತಾವೇ ಬಂದು, ಖಾಖ್ರಾ ಮಾಡುವ ಕೋಣೆ ನೋಡಿ ಹೋಗುತ್ತಾರೆ. ಪಾಚಿಯೋ ಬೂಷ್ಟೋ ಒಂದು ಚುಕ್ಕಿ ಕಂಡರೂ ಆ ಮನೆಯ ಪದಾರ್ಥ ಅವರ ಗಿರಾಕಿಗಳಿಗೆ ಆಗದು. ಈ ಸಲ ಬರುವುದಕ್ಕೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಮುಖ ಹುಳ್ಳಗಾಯಿತು, ಆದರೆ ಸುಮ್ಮನೆ ಕೂರುವ ಜನವಲ್ಲ. "ಅಷ್ಟೇ ತಾನೆ? ಬ್ಲೀಚಿಂಗ್ ಪೌಡರು ಹಾಕಿ ಉಜ್ಜಿದರೆ ಪಾಚಿ ಹೋಗ್ತದೆ. ಒಂದು ಕೈ ಬಣ್ಣ ಹೊಡೆದರೆ ಯಾರಿಗೆ ಗೊತ್ತಾಗ್ತದೆ?" ಎನ್ನುತ್ತ ಬಕೆಟ್ಟು, ತಂತಿಯ ಬ್ರಶ್ಶು ಹಿಡಿದು ಹೊರಟೇಬಿಟ್ಟರು. ನಾನೂ ಮಗಳೂ ಹಿಂದೆ ಓಡಿದೆವು. ಬ್ರಶ್ಶು ಗೋಡೆಗೆ ತಾಗುವುದರೊಳಗೆ ಬೇನ್ ನಡುವೆ ಬಂದು ಎರಡೂ ಕೈ ಚಾಚಿ ನಿಂತರು. "ಬೇಡ ಭಾಯಿ. ಮುಟ್ಟಬೇಡಿ."

ಇವರು ಕಣ್ಣು ಕಣ್ಣು ಬಿಟ್ಟರು. ತನ್ನ ಅನ್ನಕ್ಕೇ ಕಲ್ಲು ಹಾಕುತ್ತಿರುವ ಪಾಚಿಯನ್ನು ಈ ಹೆಂಗಸು ಯಾಕೆ ಕಾಯುತ್ತಿದ್ದಾಳೆ ಎಂದು ಇವರಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಇಲ್ಲೇ ಬೆಳೆದವಳು, ಅವಳ ಗೆಳತಿಯರೆಲ್ಲ ಇಂಥ ಮನೆಯವರೇ. "ಅಪ್ಪಾ, ಅದು ಜೀವ. ಅವರದ್ದು ಅದನ್ನು ಸಾಯಿಸುದಿಲ್ಲ" ಎಂದಳು ತನ್ನ ಮುರುಕು ಕನ್ನಡದಲ್ಲಿ. ಆಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಪಾಚಿಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಇರುತ್ತದೆ. ಅದಕ್ಕೇ ಮಳೆ ಶುರುವಾಗುವ ಮೊದಲೇ ಅಂಗಳ, ತಾರಸಿ, ಗೋಡೆ ಎಲ್ಲವನ್ನೂ ಪಾಚಿ ಕಟ್ಟದ ಹಾಗೆ ನೋಡಿಕೊಳ್ಳಬೇಕು. ಕಟ್ಟಿತೋ, ಆಮೇಲೆ ತುಳಿಯುವ ಹಾಗಿಲ್ಲ, ಕೆರೆಯುವ ಹಾಗಿಲ್ಲ. ತಾನಾಗಿ ಒಣಗುವವರೆಗೆ ಕಾಯುವುದು.

ಬಕೆಟ್ಟು ಹಿಡಿದುಕೊಂಡು ಇವರು ವಾಪಸು ಬಂದರು. ನನಗೆ ಮಾತ್ರ ಅದು ಎಷ್ಟು ಸರಿಯಾದ ಮಾತು ಎಂದು ಅನಿಸುತ್ತಿತ್ತು. ಕಚೇರಿಯಲ್ಲಿ ನಾವು ಜನರಿಗೆ ಕಾಗದದ ಮೇಲೆ ಕಾಗದ ಅಚ್ಚು ಹಾಕಿಸಿ ಹೇಳುವುದೂ ಅದನ್ನೇ: ಬೇಸಿಗೆಯಲ್ಲೇ ತಾರಸಿ ಗುಡಿಸಿ, ಪೈಪಿನ ಬಾಯಿಯ ಎಲೆ ತೆಗೆಯಿರಿ, ಬಿರುಕು ಮುಚ್ಚಿ, ಮಳೆ ಬಂದ ಮೇಲೆ ಗೋಳಾಡಬೇಡಿ. ಒಬ್ಬರೂ ಮಾಡುವುದಿಲ್ಲ. ಬೇನ್‌ರಂಥವರಿಗೆ ಅದು ಧರ್ಮ.

ಊಟಕ್ಕೆ ಕೂತಾಗ ನಾನು, "ನಮ್ಮ ಕೋಣೆ ಒಣಗಿ ಬಿದ್ದಿದೆಯಲ್ಲ, ಅದನ್ನೇ ಅವರಿಗೆ ಬಿಟ್ಟುಕೊಡುವ" ಎಂದೆ. ಹೋಗಿ ಕೇಳಿಯೂ ಬಂದೆ. ಬೇನ್ ನನ್ನ ಕೈ ಹಿಡಿದುಕೊಂಡರು. ಆದರೆ ಕಣ್ಣು ಗೋಡೆಯಾಚೆಯ ನಮ್ಮ ಅಡುಗೆಮನೆಯ ಕಡೆಗೆ ಹೋಯಿತು. ಊರಿಂದ ತಂದ ಒಣಮೀನು ಕಪಾಟಿನಲ್ಲಿ ಎಷ್ಟು ಸುತ್ತಿಟ್ಟರೂ ಸುಮ್ಮನಿರುತ್ತದೆಯೇ? "ಒಣಮೀನು ಎಸೆಯುತ್ತೇನೆ, ದೀಪಾವಳಿಯವರೆಗೆ ಮೀನು ಮುಟ್ಟುವುದಿಲ್ಲ" ಎಂದೆ. ಬಾಯಿಗೆ ಬಂದ ಮಾತಲ್ಲ, ಮಾಡುತ್ತಿದ್ದೆ. "ಯಾರ ಮನೆಯಲ್ಲಿ ಮಾಡಿದ್ದು ಅಂತ ಅಂಗಡಿಯವರು ಕೇಳಿದರೆ ನಾನು ಸುಳ್ಳು ಹೇಳಲಾರೆ, ಬೇನ್" ಎಂದರು.

ಉಳಿದದ್ದು ಒಂದೇ ದಾರಿ. ಆ ಗೋಡೆ ಒಣಗಬೇಕು, ಒಣಗಬೇಕಾದರೆ ನಮ್ಮ ನೀರು ಅಲ್ಲಿಗೆ ಹೋಗಬಾರದು. ಮಳೆಗಾಲದ ನಡುವೆ ಇಳಿಜಾರು ಹೊಸದಾಗಿ ಕಟ್ಟಲು ಬರುವುದಿಲ್ಲ, ಗಾರೆ ನಿಲ್ಲುವುದಿಲ್ಲ. ಇವರು ಮಧ್ಯಾಹ್ನ ಪೂರ್ತಿ ಕೊಡೆ ಹಿಡಿದುಕೊಂಡು ತಾರಸಿಯಲ್ಲಿ ಅತ್ತಿಂದಿತ್ತ ನಡೆದರು. ಇಳಿದು ಬಂದು ಚಾ ಕೇಳಿದರು. ಚಾ ಕುಡಿದು ಲೋಟ ಕೆಳಗಿಟ್ಟು, "ಆ ಹಳೆ ತೂತು ಬಿಚ್ಚುವ" ಎಂದರು.

"ಅದನ್ನು ಬಿಚ್ಚಿದರೆ ನೀರು ಪುನಃ ನಮ್ಮ ಮಂಚಕ್ಕೇ ಅಲ್ವಾ?"

"ಹೌದು. ಮತ್ತೆಲ್ಲಿಗೆ ಕಳಿಸುದು ಮಾರಾಯ್ತಿ? ನಮ್ಮ ನೀರು."

ಮರುದಿನ ಬೆಳಿಗ್ಗೆ ಮೂವರೂ ಮೇಲೆ ಹತ್ತಿದೆವು. ಬೇಸಿಗೆಯಲ್ಲಿ ತಾವೇ ನಿಂತು ಮುಚ್ಚಿಸಿದ ತೂತನ್ನು ಇವರು ಉಳಿ ಸುತ್ತಿಗೆ ಹಿಡಿದು ಒಡೆದರು. ಬಿಳಿ ಟೈಲ್ಸಿನ ಚೂರುಗಳು ಎಗರಿ ಬಿದ್ದವು. ಅಷ್ಟು ಆಸೆಯಿಂದ ಮಾಡಿಸಿದ್ದು. ಆಮೇಲೆ ಪಕ್ಕದ ಮನೆಯ ಕಡೆಗೆ ನೀರು ಹೋಗದ ಹಾಗೆ ಇಟ್ಟಿಗೆ ಸಾಲಾಗಿ ಇಟ್ಟು, ಜೇಡಿಮಣ್ಣು ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ಒಡ್ಡು ಕಟ್ಟಿದೆವು. ಗದ್ದೆಯ ಹುಣಿ ಕಟ್ಟಿ ಅಭ್ಯಾಸ ಇದ್ದವರಿಗೆ ಅದೇನು ದೊಡ್ಡದಲ್ಲ. ಇಳಿಜಾರಿಗೆ ಎದುರಾಗಿ ನೀರು ಹೋಗುವಷ್ಟು ಒಂದು ಕಾಲುವೆಯನ್ನೂ ಕೆತ್ತಿದರು. ಏನು ಸದ್ದು ಎಂದು ಬೇನ್ ಕೆಳಗಿನಿಂದ ಕೇಳಿದಾಗ "ಪೈಪು ಸರಿ ಮಾಡ್ತಿದ್ದೇನೆ" ಎಂದರು ಅಷ್ಟೆ. ನನಗೂ ಕಣ್ಣಿನಲ್ಲೇ ಸುಮ್ಮನಿರು ಎಂದರು.

ಮುಂದಿನ ಮಳೆಗೆ ನಮ್ಮ ಕೋಣೆ ಸೋರಲು ಶುರುವಾಯಿತು. ಹಾಸಿಗೆ ಸುತ್ತಿಟ್ಟು, ಮಂಚದ ಮೇಲೇ ಒಂದು ಬಕೆಟ್ಟು ಇಟ್ಟೆವು. ಮೂವರೂ ಹಾಲಿನಲ್ಲಿ ಚಾಪೆ ಹಾಸಿದೆವು. ತಮ್ಮ ಫೋನ್ ಮಾಡಿದರೆ ಇವರು ಮನೆಯ ಮಾತೇ ಎತ್ತುತ್ತಿರಲಿಲ್ಲ. ಮನೆ ಉಳಿಸಿಕೊಳ್ಳುವುದು ಹೇಗೆ ಎಂದು ಬೇರೆಯವರಿಗೆ ಹೇಳಿಕೊಡುವ ನಾನು ನನ್ನ ಮನೆಯ ಸ್ಲ್ಯಾಬಿನಿಂದ ನೀರು ಇಳಿಯುವುದನ್ನು ಅಡ್ಡಿ ಮಾಡದೆ ನೋಡುತ್ತ ಕೂತೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು. ದಿನಕ್ಕೊಮ್ಮೆ ಇವರಿಗೆ ಬೈಯುತ್ತಿದ್ದೆ.

ಪುಣ್ಯಕ್ಕೆ ಆಮೇಲೆ ವರಾಪ್ ಬಂತು. ಮಳೆ ಕೆಲವು ದಿನ ಹಿಂದೆಗೆದು ಬಿಸಿಲು ಬೀಳುವುದನ್ನು ಇಲ್ಲಿಯವರು ಹಾಗೆನ್ನುತ್ತಾರೆ. ನಮ್ಮೂರಲ್ಲಿ ಅಂಥ ಉಪಕಾರ ಮಳೆ ಯಾವತ್ತೂ ಮಾಡುವುದಿಲ್ಲ. ಬೇನ್ ಹಿಂದಿನ ಕೋಣೆಯ ಕಿಟಕಿ ಬಾಗಿಲು ತೆರೆದಿಟ್ಟರು. ಇವರು ಕಚೇರಿಯಿಂದ ಬಂದವರೇ ಬೂಟು ಬಿಚ್ಚುವ ಮೊದಲು ಅಲ್ಲಿಗೆ ಹೋಗಿ ಬಾಗಿಲಲ್ಲೇ ನಿಂತು ಗೋಡೆ ನೋಡಿ ಬರುತ್ತಿದ್ದರು. ಒದ್ದೆಯ ಗುರುತು ಮೇಲಿನಿಂದ ಕೆಳಗೆ ಇಳಿಯುತ್ತ ಬಂತು. ಪಾಚಿ ಹಸಿರು ಬಿಟ್ಟು ಕಂದಾಯಿತು, ಆಮೇಲೆ ಕಪ್ಪಗೆ ಒಣಗಿ ತಾನಾಗಿ ಪುಡಿಪುಡಿ ಉದುರಿತು. ಬೇನ್ ಆ ಪುಡಿಯನ್ನೂ ಮೆತ್ತನೆಯ ಪೊರಕೆಯಲ್ಲಿ ಗುಡಿಸಿ ನೆರಳಿಗೆ ಹಾಕಿದರು. ನಡುವೆ ಒಂದು ಮಳೆ ಜೋರಾಗಿಯೇ ಬಂತು, ನಮ್ಮ ಬಕೆಟ್ಟು ತುಂಬಿತು. 'ಆ ಗೋಡೆ?' ಎಂದು ಇವರು ಕೇಳಿದರು. ನಾನು ಹೋಗಿ ಮುಟ್ಟಿ ನೋಡಿ ಬಂದೆ. ಒಣಗಿಯೇ ಇತ್ತು.

ಅಹಮದಾಬಾದಿನ ಒಡತಿ ಬಂದ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಯಾಕೆ ಎಂದು ಕಚೇರಿಯಲ್ಲಿ ಹೇಳಲಿಲ್ಲ. ಆಕೆ ಕೋಣೆಯನ್ನು ಮೂಲೆ ಮೂಲೆ ನೋಡಿ, ಉಬ್ಬಿದ ಬಣ್ಣದ ಮೇಲೆ ಅಂಗೈ ಇಟ್ಟು, "ಕೆರೆದಿರೋ?" ಎಂದು ಕೇಳಿದರಂತೆ. "ಇಲ್ಲ, ತಾನಾಗಿ ಒಣಗಿತು" ಎಂದರಂತೆ ಬೇನ್. ಒಂದು ಖಾಖ್ರಾ ಮುರಿದು ನೋಡಿ ಆರ್ಡರು ಬರೆದುಕೊಟ್ಟು ಹೋದರು. ಮರುದಿನ ಬೆಳಿಗ್ಗೆ ಗೋಡೆಯಾಚೆ ಲಟ್ಟಣಿಗೆ ಶುರುವಾಯಿತು. ಇವರು ಚಾಪೆಯ ಮೇಲೆ ಎದ್ದು ಕೂತು ಅದನ್ನು ಕೇಳಿದರು.

ಪರ್ಯೂಷಣದ ಕೊನೆಯ ದಿನ ಜೈನರು ಒಬ್ಬರಿಗೊಬ್ಬರು ಕೈಮುಗಿದು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ತಿಳಿದೋ ತಿಳಿಯದೆಯೋ, ಮನಸ್ಸಿನಿಂದಲೋ ಮಾತಿನಿಂದಲೋ ನಿಮ್ಮನ್ನು ನೋಯಿಸಿದ್ದರೆ ಕ್ಷಮಿಸಿ ಎಂದು. ಈಗ ಎಲ್ಲರೂ ಅದನ್ನು ಮೊಬೈಲಿನಲ್ಲಿ ಹೂವಿನ ಚಿತ್ರದ ಜೊತೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಬೇನ್ ಮಾತ್ರ ಉಪವಾಸದಲ್ಲಿ ಬಾಡಿದ ಮುಖ ಹೊತ್ತುಕೊಂಡು ಸಂಜೆ ನಮ್ಮ ಮನೆಗೆ ಬಂದರು. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಹಾಲಿನಲ್ಲಿ ಚಾಪೆ, ಬಟ್ಟೆಯ ರಾಶಿ ನೋಡಿ ತೆರೆದ ಬಾಗಿಲಿನಿಂದ ಮಲಗುವ ಕೋಣೆಯ ಒಳಗೆ ನೋಡಿದರು. ಬರಿಯ ಮಂಚದ ಮೇಲೆ ಬಕೆಟ್ಟು, ಅದಕ್ಕೆ ಸ್ಲ್ಯಾಬಿನಿಂದ ಹನಿ.

ಬೇನ್ ಇವರ ಕಡೆಗೆ ಕೈಮುಗಿದು, ಹಿಂದಿಯೋ ಗುಜರಾತಿಯೋ ಗೊತ್ತಾಗದ ಹಾಗೆ ಬಡಬಡನೆ ಹೇಳತೊಡಗಿದರು. "ನಾನು ಮಾಡಿದ್ದು ಇದು, ಭಾಯಿ. ಬಾಯಲ್ಲಿ ಒಂದು ಮಾತು ಆಡಲಿಲ್ಲ. ಮನಸ್ಸಿನಲ್ಲಿ ಮಾತ್ರ ದಿನಾ ಶಪಿಸಿದೆ. ನನ್ನ ಗೋಡೆ ಹಾಳುಮಾಡಿದವನ ಮನೆಯೂ ಸೋರಲಿ, ಅವನು ಮಲಗುವಲ್ಲೇ ಸೋರಲಿ ಅಂತ. ನನ್ನ ಶಾಪ ತಟ್ಟಿಬಿಟ್ಟಿತು."

ನಾನು ಹೇಳಬಾರದು ಎಂದು ಇವರು ತಲೆಯಾಡಿಸಿದರು. ನನ್ನಿಂದ ಆಗಲಿಲ್ಲ. "ಶಾಪವೂ ಇಲ್ಲ, ಎಂಥದೂ ಇಲ್ಲ. ನಿಮ್ಮ ಗೋಡೆ ಒಣಗಲಿ ಅಂತ ಇವರೇ ತೂತು ಒಡೆದು ನೀರನ್ನು ಈ ಕಡೆ ತಿರುಗಿಸಿದ್ದು" ಎಂದುಬಿಟ್ಟೆ.

ಬೇನ್ ತಲೆಯೆತ್ತಿ ಸ್ಲ್ಯಾಬು ನೋಡಿದರು. ಅಲ್ಲಿಗೇ ಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಿಡಲಿಲ್ಲ. ಮುಗಿದ ಕೈಯನ್ನು ಇಳಿಸದೆಯೇ ಹೇಳಿದರು: "ಹಾಗಾದರೆ ಇನ್ನೊಂದಕ್ಕೂ ಕ್ಷಮಿಸಬೇಕು. ಈ ಬಕೆಟ್ಟಿಗೆ ಹನಿ ಬೀಳುವ ಸದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು, ಭಾಯಿ. ನಿಮ್ಮ ಮನೆ ಸೋರುತ್ತಿದೆ ಅಂತ ತಿಳಿದೇ ಇತ್ತು, ಮಂಚದ ಮೇಲೇ ಅಂತ ಮಾತ್ರ ಇವತ್ತು ಕಂಡೆ. ಕೇಳಿದಾಗೆಲ್ಲ ನನಗೆ ಖುಷಿಯಾಗುತ್ತಿತ್ತು."

ಇವರು ಅರ್ಧ ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಚೆಲ್ಲಲು ಬಚ್ಚಲಿಗೆ ಹೋದರು, ಬಾಗಿಲು ಹಾಕಿಕೊಂಡರು, ತುಂಬ ಹೊತ್ತು ಹೊರಗೆ ಬರಲಿಲ್ಲ.